ಹಳೇ ಟ್ರ್ಯಾಕ್ಟರಿನ ಮೇಲೆ ಕೂರುವವರ ಬೆನ್ನಿಗಾಗಿ ಒಂದಷ್ಟು ರಿಪೇರಿ

ನಮ್ಮ ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ ಕಡೆ ಹಳೇ ಟ್ರ್ಯಾಕ್ಟರ್ ಇಲ್ಲದ ಊರು ಸಿಗುವುದು ಕಷ್ಟ. ಗದ್ದೆ ಒಂದಿಷ್ಟು, ಕಾಫಿ ಒಂದಿಷ್ಟು, ಅದರ ಮಧ್ಯೆ ಮೆಣಸು ಬಳ್ಳಿ ಇಟ್ಟುಕೊಂಡವರಿಗೆ ಹೊಸ ಟ್ರ್ಯಾಕ್ಟರಿನ ಲೆಕ್ಕ ಯಾವತ್ತೂ ಕೂಡಿ ಬರುವುದಿಲ್ಲ. ಮಳೆಗಾಲದಲ್ಲಿ ಗದ್ದೆ ಕೆಸರು ಮಾಡಲು, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪಂಪು ಓಡಿಸಲು, ಮಳೆ ಹಿಡಿಯುವ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು, ಕೊಯ್ಲಿನಲ್ಲಿ ಹಣ್ಣು ಕಣಕ್ಕೆ ತರಲು, ಇಷ್ಟಕ್ಕೆ ಹಳೆಯದೇ ಸಾಕು. ಇಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗುವುದು ಮೇಲೆ ಕೂತವನ ಸೊಂಟ.

ನಮ್ಮದು 35 ಎಚ್‌ಪಿ, ಮೂರು ಸಿಲಿಂಡರ್, ಟೂ ವೀಲ್ ಡ್ರೈವ್. ಕಂಪನಿ ಹೆಸರು ಬೇಡ, ಆ ಕಾಲದ ಎಲ್ಲಾ ಗಾಡಿಗಳ ಕಥೆ ಹೆಚ್ಚುಕಡಿಮೆ ಒಂದೇ. ಓಡಿಸುವುದು ನಾನು ಮತ್ತು ನಮ್ಮ ಡ್ರೈವರ್ ಅಣ್ಣ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ತೂಕದಲ್ಲಿ ನನಗಿಂತ ತುಂಬಾ ಕಡಿಮೆ. ಈ ತೂಕದ ವಿಷಯ ಮುಂದೆ ಸೀಟಿನ ಹತ್ತಿರ ಬರುತ್ತದೆ. ಯಜಮಾನ ಬೇರೆ, ಸ್ಟೇರಿಂಗ್ ಹಿಡಿಯುವವನು ಬೇರೆ ಆಗಿರುವ ತೋಟದಲ್ಲಿ ಸೀಟು ಯಾವತ್ತೂ ರಿಪೇರಿ ಆಗುವುದಿಲ್ಲ, ಇದು ನಾನು ಸುತ್ತಮುತ್ತ ನೋಡಿದ ಸತ್ಯ. ಇಂಜಿನ್ ಆಯಿಲ್ ಕಾಲಕಾಲಕ್ಕೆ ಬದಲಾಗುತ್ತದೆ, ಟೈರು ಬದಲಾಗುತ್ತದೆ, ಸೀಟಿನ ಮೇಲೆ ಮಾತ್ರ ಮಡಚಿದ ಗೋಣಿಚೀಲ. ಕೇಳಿದರೆ "ಟ್ರ್ಯಾಕ್ಟರ್ ಏನು ಕಾರಾ?" ಅನ್ನುತ್ತಾರೆ. ಹಾಗೆ ಅನ್ನುವವರನ್ನು ಒಂದು ದಿನ ಬೆಳಿಗ್ಗೆಯಿಂದ ಸಂಜೆ ತನಕ ಅದೇ ಗೋಣಿಚೀಲದ ಮೇಲೆ ಕೂರಿಸಬೇಕು.

ಟ್ರ್ಯಾಕ್ಟರ್ ಇಷ್ಟು ಕುಲುಕುವುದು ಯಾಕೆ ಅಂದರೆ ಅದರ ಹಿಂದಿನ ಆಕ್ಸಲ್‌ಗೆ ಸ್ಪ್ರಿಂಗೇ ಇಲ್ಲ. ಜೀಪಿಗೆ ಲೀಫ್ ಸ್ಪ್ರಿಂಗ್ ಇದೆ, ಕಾರಿಗೆ ಸಸ್ಪೆನ್ಷನ್ ಇದೆ. ಟ್ರ್ಯಾಕ್ಟರಿನಲ್ಲಿ ಆಕ್ಸಲ್, ಗೇರ್ ಬಾಕ್ಸ್, ಇಂಜಿನ್ ಎಲ್ಲಾ ಒಂದೇ ಗಟ್ಟಿ ಮೈ. ನೆಲಕ್ಕೂ ನಮಗೂ ನಡುವೆ ಇರುವುದು ಟೈರಿನ ಗಾಳಿ ಮತ್ತು ಸೀಟು, ಅಷ್ಟೇ. ಕೂತ ಮನುಷ್ಯನ ಮೈ ಮೇಲೆ ಕೆಳಗೆ ಕುಲುಕುವಾಗ ಸೆಕೆಂಡಿಗೆ 4ರಿಂದ 8 ಸಲದ ಕುಲುಕು ಬೆನ್ನುಮೂಳೆಗೆ ಎಲ್ಲಕ್ಕಿಂತ ಜಾಸ್ತಿ ತಟ್ಟುತ್ತದೆ. ಟೈರಿನ ಮೇಲೆ ಟ್ರ್ಯಾಕ್ಟರ್ ಪುಟಿಯುವ ವೇಗ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೆ ತೀರಾ ದೂರ ಇಲ್ಲ. ಅದಕ್ಕೇ ಸಂಜೆ ಇಳಿದಾಗ ಸೊಂಟ ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಸುಮ್ನೆ ವಯಸ್ಸಿನ ಮೇಲೆ ಹಾಕಬೇಡಿ.

ಹಾಗಾಗಿ ಮೊದಲು ಸೀಟಿಗೆ ಕೈ ಹಾಕಬಾರದು, ಟೈರಿನ ಗಾಳಿಗೆ ಹಾಕಬೇಕು. ಇದಕ್ಕೆ ದುಡ್ಡು ಬೇಡ. ಪಂಕ್ಚರ್ ಅಂಗಡಿಯಲ್ಲಿ ಹಿಂದಿನ ದೊಡ್ಡ ಟೈರಿಗೂ ಕಾರಿನ ಅಂದಾಜಿನಲ್ಲಿ ಗಾಳಿಯ ಒತ್ತಡ 25, 30 ಪಿಎಸ್‌ಐ ತುಂಬಿಸಿ ಕಳಿಸುತ್ತಾರೆ. ಟೈರು ಕಲ್ಲಾಗುತ್ತದೆ, ಟ್ರ್ಯಾಕ್ಟರ್ ತೋಟದ ರಸ್ತೆಯಲ್ಲಿ ಚೆಂಡಿನ ಥರ ಪುಟಿಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿರುವ 12.4-28, 13.6-28 ಅಳತೆಯ ಹಿಂದಿನ ಟೈರಿಗೆ ಹೊಲ, ಗದ್ದೆ ಕೆಲಸಕ್ಕೆ ಸುಮಾರು 12ರಿಂದ 16 ಪಿಎಸ್‌ಐ ಸಾಕು. ಮುಂದಿನ ಚಿಕ್ಕ ಟೈರಿಗೆ ಅದರ ಎರಡು ಪಟ್ಟಿನ ಹತ್ತಿರ ಬೇಕು. ತುಂಬಿದ ಟ್ರೇಲರ್ ಎಳೆದುಕೊಂಡು ರೋಡಿಗೆ ಹೋಗುವುದಾದರೆ ಹಿಂದಕ್ಕೂ ಸ್ವಲ್ಪ ಜಾಸ್ತಿ ಬೇಕು. ಸರಿಯಾದ ಅಂಕಿ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ, ಪುಸ್ತಕ ಇಲಿ ತಿಂದಿದ್ದರೆ ಟೈರು ಮಾರುವವರ ಹತ್ತಿರ ಚಾರ್ಟ್ ಕೇಳಿ. ಹಾಗಂತ ಮೆತ್ತಗಿದ್ದರೆ ಒಳ್ಳೆಯದು ಅಂತ ತೀರಾ ಇಳಿಸಲೂಬಾರದು. ನಮ್ಮದು ಗುಡ್ಡದ ಊರು, ಅಡ್ಡ ಇಳಿಜಾರಿನಲ್ಲಿ ಹೋಗುವಾಗ ಮೆತ್ತಗಿನ ಟೈರು ಒಂದು ಕಡೆಗೆ ವಾಲುತ್ತದೆ, ಜೀವ ಬಾಯಿಗೆ ಬರುತ್ತದೆ. ಒಂದು ಸಣ್ಣ ಗೇಜು ಮನೆಯಲ್ಲೇ ಇಟ್ಟುಕೊಳ್ಳಿ. ಅದೂ ಕಡಿಮೆ ಅಂಕಿಯನ್ನು ಸ್ಪಷ್ಟವಾಗಿ ತೋರಿಸುವಂಥದ್ದು, 100ರ ತನಕ ಇರುವ ಲಾರಿ ಗೇಜಿನಲ್ಲಿ 14 ಯಾವುದು 18 ಯಾವುದು ಗೊತ್ತೇ ಆಗುವುದಿಲ್ಲ.

ಇದರ ಜೊತೆಗೇ ಟೈರಿಗೆ ತುಂಬಿಸುವ ನೀರಿನ ವಿಷಯ. ಗದ್ದೆಯಲ್ಲಿ ಹಿಡಿತ ಸಿಗಲಿ ಅಂತ ಹಿಂದಿನ ಟ್ಯೂಬಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿಸುತ್ತಾರೆ. ಆ ಹೊತ್ತಿಗೆ ಸರಿ. ಆದರೆ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಉಳಿದ ಕಾಲು ಭಾಗದ ಗಾಳಿಯೇ ಎಲ್ಲಾ ಕುಲುಕು ತಡೆಯಬೇಕು. ನಾಟಿ ಮುಗಿದ ಮೇಲೂ ಅದೇ ನೀರು ಇಟ್ಟುಕೊಂಡು ಕಾಫಿ ಹಣ್ಣು ಸಾಗಿಸುವ ತನಕ ತಿರುಗಿದರೆ ಪ್ರತಿ ಕಲ್ಲೂ ನೆತ್ತಿಗೆ ಗೊತ್ತಾಗುತ್ತದೆ. ತೆಗೆಸಿಬಿಡಿ. ಕೇಜ್ ವೀಲ್ ಸಹ ಹಾಗೇ, ಗದ್ದೆಯ ಬದುವಿನ ತನಕ ಟ್ರೇಲರಿನಲ್ಲಿ ತಂದು ಅಲ್ಲಿ ಹಾಕಿಕೊಳ್ಳಿ. ಕಬ್ಬಿಣದ ಚಕ್ರದಲ್ಲಿ ಟಾರು ರಸ್ತೆ ಮೇಲೆ ಓಡಿಸಿದರೆ ರಸ್ತೆಯೂ ಹಾಳು, ಬೆನ್ನೂ ಹಾಳು.

ಇನ್ನೊಂದು ಮಾತು, ಯಾರೂ ಇದನ್ನು ಟ್ರ್ಯಾಕ್ಟರ್ ರಿಪೇರಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೋಟದ ರಸ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಗೆ ಮಣ್ಣಿನ ರಸ್ತೆ ಉಳಿಯುವುದೇ ಇಲ್ಲ, ನಡುವೆ ಕೊರಕಲು ಬಿದ್ದು ಕಲ್ಲು ಹಲ್ಲು ಕಿರಿಯುತ್ತದೆ. ದಿನಾ ಓಡಾಡುವ ಒಂದೇ ದಾರಿ, ಅದರಲ್ಲಿ ಕೆಟ್ಟದ್ದು ನಾಲ್ಕೈದು ಜಾಗ. ಕೊಯ್ಲು ಶುರುವಾಗುವ ಮುಂಚೆ ಆ ಜಾಗಗಳಿಗೆ ಕಲ್ಲು, ಗಟ್ಟಿ ಮಣ್ಣು ಹಾಕಿಸಿ, ನೀರು ರಸ್ತೆ ಮೇಲೆ ಓಡದ ಹಾಗೆ ಅಡ್ಡ ಚರಂಡಿ ತೆಗೆಸಿದರೆ ಯಾವ ಸೀಟೂ ಕೊಡದಷ್ಟು ಸುಖ ಸಿಗುತ್ತದೆ. ನಮ್ಮಲ್ಲಿ ಅಡ್ಡ ಚರಂಡಿಗೆ ಹಳೇ ಸಿಲ್ವರ್ ಓಕ್ ದಿಮ್ಮಿಯನ್ನು ಓರೆಯಾಗಿ ಹೂತಿದ್ದೇವೆ. ಒಂದೆರಡು ಮಳೆಗಾಲಕ್ಕೆ ಬರುತ್ತದೆ, ಆಮೇಲೆ ಗೆದ್ದಲು ನೋಡಿಕೊಳ್ಳುತ್ತದೆ.

ಈಗ ಸೀಟು.

ಹಳೇ ಗಾಡಿಯ ಸೀಟು ಅಂದರೆ ಕಬ್ಬಿಣದ ತಟ್ಟೆ, ಕೆಳಗೆ ಒಂದು ಸ್ಪ್ರಿಂಗು, ಮೇಲೆ ತೆಳು ಸ್ಪಂಜು, ಅದರ ಮೇಲೆ ಹರಿದ ರೆಕ್ಸಿನ್. ಎಲ್ಲರೂ ಮೊದಲು ಮಾಡುವ ಕೆಲಸ ಕುಶನ್ ಅಂಗಡಿಗೆ ಹೋಗಿ ದಪ್ಪ ಸ್ಪಂಜು ಹಾಕಿಸುವುದು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸ್ಪಂಜು ಸಣ್ಣ ನಡುಕ ತಡೆಯುತ್ತದೆ, ದೊಡ್ಡ ಕುಲುಕಿಗೆ ಪೂರ್ತಿ ಒತ್ತಿಹೋಗಿ ಕೆಳಗಿನ ತಟ್ಟೆ ತಗಲುತ್ತದೆ. ಅದೂ ಅಲ್ಲದೆ ಕೂರುವ ಎತ್ತರ ಮೂರು ಇಂಚು ಏರುತ್ತದೆ. ಕಾಲು ಪೆಡಲಿಗೆ ನೆಟ್ಟಗೆ ಎಟುಕುವುದಿಲ್ಲ, ತೊಡೆಯ ಕೆಳಗೆ ಸೀಟಿನ ಅಂಚು ಒತ್ತುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು. ನಮ್ಮ ಮಳೆಯಲ್ಲಂತೂ ಒಮ್ಮೆ ನೆನೆದ ಸ್ಪಂಜು ಕಕ್ಕಡ ಮಾಸದ ಜಡಿಮಳೆ ಕಳೆಯುವ ತನಕ ಒಣಗುವುದಿಲ್ಲ.

ಬೇಕಾಗಿರುವುದು ಸಸ್ಪೆನ್ಷನ್ ಸೀಟು. ಕೆಳಗೆ ಕತ್ತರಿಯ ಹಾಗೆ ಮಡಚುವ ಫ್ರೇಮ್, ಸ್ಪ್ರಿಂಗು, ಜೊತೆಗೆ ಒಂದು ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರ್ ಇಲ್ಲದ್ದನ್ನು ತೆಗೆದುಕೊಳ್ಳಲೇಬೇಡಿ, ಬರೀ ಸ್ಪ್ರಿಂಗು ಒಂದು ಹೊಂಡಕ್ಕೆ ನಾಲ್ಕು ಸಲ ಕುಣಿಸುತ್ತದೆ. ಮುಂದುಗಡೆ ಒಂದು ತಿರುಗಣೆ ಇರುತ್ತದೆ, ಕೂರುವವರ ತೂಕಕ್ಕೆ ತಕ್ಕ ಹಾಗೆ ಬಿಗಿ ಮಾಡಲು. ಅದನ್ನು ಯಾರೂ ಮುಟ್ಟುವುದಿಲ್ಲ, ಆದರೆ ಮುಖ್ಯವಾದದ್ದು ಆ ತಿರುಗಣೆಯೇ. ಕೂತಾಗ ಸೀಟು ತನ್ನ ಮೇಲೆ ಕೆಳಗಿನ ಓಡಾಟದ ಸರಿಯಾಗಿ ನಡುವೆ ನಿಲ್ಲಬೇಕು. ನನ್ನ ತೂಕಕ್ಕೆ ಬಿಗಿ ಮಾಡಿದ್ದರ ಮೇಲೆ ಡ್ರೈವರ್ ಅಣ್ಣ ಕೂತರೆ ಅದು ಇಳಿಯುವುದೇ ಇಲ್ಲ, ಕಬ್ಬಿಣದ ತಟ್ಟೆಗೂ ಅದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಅವರಿಗೆ ಹೊಂದಿಸಿದ್ದರ ಮೇಲೆ ನಾನು ಕೂತರೆ ಪೂರ್ತಿ ತಳ ಮುಟ್ಟಿ ಪ್ರತಿ ಹೊಂಡಕ್ಕೂ ಡಬ್ ಅನ್ನುತ್ತದೆ. ಅದಕ್ಕೆ ತಿರುಗಣೆಯ ಪಕ್ಕದಲ್ಲಿ ಪೇಂಟಿನಲ್ಲಿ ಎರಡು ಗುರುತು ಹಾಕಿದ್ದೇವೆ. ಹತ್ತುವ ಮುಂಚೆ ತಿರುಗಿಸುವುದು, ಅಷ್ಟೇ ಕೆಲಸ.

ಹಳೇ ಟ್ರ್ಯಾಕ್ಟರಿಗೆ ಇದನ್ನು ಕೂರಿಸುವಾಗ ಎತ್ತರವೇ ತಲೆನೋವು. ಕತ್ತರಿ ಫ್ರೇಮು ಹಳೇ ಸೀಟಿಗಿಂತ ಎತ್ತರ, ಹಾಗೇ ಬೋಲ್ಟ್ ಮಾಡಿದರೆ ಸ್ಟೇರಿಂಗ್ ತೊಡೆಗೆ ತಗಲುತ್ತದೆ. ಅಂಗಡಿಗೆ ಹೋಗುವ ಮುಂಚೆ ನಾಲ್ಕು ಅಳತೆ ಬರೆದುಕೊಂಡು ಹೋಗಿ: ಕೆಳಗಿನ ತೂತುಗಳ ಅಂತರ, ಎರಡು ಮಡ್‌ಗಾರ್ಡ್ ನಡುವಿನ ಅಗಲ, ಬಲಗಡೆ ಹೈಡ್ರಾಲಿಕ್ ಲಿವರ್ ಓಡಾಡಲು ಬೇಕಾದ ಜಾಗ, ಈಗಿನ ಸೀಟಿನ ಎತ್ತರ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಅದಕ್ಕೆ ಹಿಂದೆ ಮುಂದೆ ಜರುಗುವ ಸ್ಲೈಡ್ ಇರುವುದನ್ನೇ ಆರಿಸಿ. ನಮ್ಮದಕ್ಕೆ ಹಳೇ ಬ್ರಾಕೆಟ್ ಬಿಚ್ಚಿಟ್ಟು ಕುಶಾಲನಗರದಲ್ಲಿ ಗಿಡ್ಡದೊಂದು ಬ್ರಾಕೆಟ್ ಮಾಡಿಸಿದೆವು. ತಳದಲ್ಲಿ ನೀರು ಇಳಿಯಲು ತೂತು, ಮೇಲೆ ಹೊದಿಸಲು ಖಾಲಿ ಗೊಬ್ಬರ ಚೀಲ. ಕೆಲಸ ಮುಗಿದ ಮೇಲೆ ಸೀಟನ್ನು ಮುಂದಕ್ಕೆ ಮಡಚಿಡುವುದು, ಇಲ್ಲದಿದ್ದರೆ ಶೆಡ್ಡಿನ ಇಲಿಗೆ ಹೆರಿಗೆ ವಾರ್ಡು ಸಿದ್ಧ.

ಸ್ಟೇರಿಂಗ್ ಭಾರ ಅಂದ ಕೂಡಲೇ ಎಲ್ಲರ ಬಾಯಲ್ಲೂ ಪವರ್ ಸ್ಟೇರಿಂಗ್. ಸ್ವಲ್ಪ ತಡೆಯಿರಿ. ಮುಂದಿನ ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಎರಡೂ ಚಕ್ರ ನೆಲದಿಂದ ಎತ್ತಿ, ಆಕ್ಸಲ್‌ಗೆ ಗಟ್ಟಿ ದಿಮ್ಮಿ ಕೊಟ್ಟು, ಸ್ಟೇರಿಂಗ್ ತಿರುಗಿಸಿ ನೋಡಿ. ಗಾಳಿಯಲ್ಲಿ ಎತ್ತಿದಾಗಲೂ ಭಾರ ಇದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಆಚೀಚೆ ತಿರುಗುವ ಕೀಲು) ಒಣಗಿದೆ, ಅಥವಾ ಅದರ ಬುಷ್ ಹೋಗಿದೆ, ಅಥವಾ ಸ್ಟೇರಿಂಗ್ ಬಾಕ್ಸಿನಲ್ಲಿ ಆಯಿಲ್ ಇಲ್ಲ. ಗ್ರೀಸ್ ಹೊಡೆಯುವುದೂ ಹೀಗೆ ಎತ್ತಿಟ್ಟೇ ಹೊಡೆಯಬೇಕು. ನೆಲದ ಮೇಲೆ ನಿಂತಿದ್ದರೆ ಟ್ರ್ಯಾಕ್ಟರಿನ ತೂಕ ಕಿಂಗ್ ಪಿನ್ನಿನ ಬೇರಿಂಗ್ ಮೇಲೆ ಕೂತಿರುತ್ತದೆ, ಗ್ರೀಸು ಬೇಕಾದ ಜಾಗಕ್ಕೆ ಹೋಗದೆ ಪಕ್ಕದಿಂದ ಹೊರಗೆ ಬರುತ್ತದೆ. ನಾವು ಅದನ್ನು ನೋಡಿ "ಆಯ್ತು, ತುಂಬಿತು" ಅಂದುಕೊಳ್ಳುತ್ತೇವೆ! ಎತ್ತಿಟ್ಟು ಹೊಡೆದು, ಚಕ್ರವನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ಮತ್ತೆ ಹೊಡೆದರೆ ಒಳಗಿನ ಕಪ್ಪು ಗ್ರೀಸೆಲ್ಲಾ ಹೊರಗೆ ಬಂದು ಹೊಸದು ಕೂರುತ್ತದೆ. ಕೆಸರುಗದ್ದೆಗೆ ಇಳಿಯುವ ಗಾಡಿಗೆ ಇದು ದಿನದ ಕೆಲಸ, ಕೆಸರಿನ ನೀರು ಎಲ್ಲಾ ಸಂದಿಗೂ ಹೋಗಿರುತ್ತದೆ.

ಸ್ಟೇರಿಂಗಿಗೆ ಹಿಡಿಕೆಯಂಥ ಒಂದು ಗುಂಡಿ ಹಾಕಿಸಿಕೊಂಡು ಒಂದೇ ಕೈಯಲ್ಲಿ ತಿರುಗಿಸುವ ಶೋಕಿಯೂ ಇದೆ. ಪವರ್ ಇಲ್ಲದ ಸ್ಟೇರಿಂಗಿಗೆ ಅದು ಬೇಡವೇ ಬೇಡ. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಒದ್ದು ತಿರುಗುತ್ತದೆ, ಆ ಗುಂಡಿ ಮಣಿಕಟ್ಟಿಗೋ ಬೆರಳಿಗೋ ಬಡಿಯುತ್ತದೆ. ಇದೇ ಕಾರಣಕ್ಕೆ ಹೆಬ್ಬೆರಳನ್ನು ಸ್ಟೇರಿಂಗಿನ ಒಳಗಡೆ ಸುತ್ತಿ ಹಿಡಿಯಬಾರದು ಅಂತ ಹಳಬರು ಹೇಳುವುದು.

ಕಾಲಿನ ಕಷ್ಟ ಬೇರೆಯೇ. ಹಳೇ ಗಾಡಿಯಲ್ಲಿ ಗೇರ್ ಬಾಕ್ಸನ್ನು ತೊಡೆಯ ನಡುವೆ ಇಟ್ಟುಕೊಂಡು ಕೂರಬೇಕು, ಬೇಸಿಗೆಯಲ್ಲಿ ಅದರ ಬಿಸಿ ಮೊಣಕಾಲಿನ ತನಕ. ಪಾದ ಇಡಲು ಸರಿಯಾದ ಜಾಗ ಇರುವುದಿಲ್ಲ, ಹಾಗಾಗಿ ಎಡಗಾಲು ತಾನಾಗಿಯೇ ಹೋಗಿ ಕ್ಲಚ್ ಪೆಡಲಿನ ಮೇಲೆ ಕೂರುತ್ತದೆ. ಕ್ಲಚ್ಚಿನ ರಿಲೀಸ್ ಬೇರಿಂಗ್ ಬೇಗ ಹೋಗುವುದು ಇದರಿಂದಲೇ. ಎರಡೂ ಕಡೆ ಪಾದ ಊರಲು ಪ್ಲಾಟ್‌ಫಾರ್ಮ್ ಮಾಡಿಸಿದೆವು. ನಯವಾದ ತಗಡಲ್ಲ, ಜಾಲರಿ ಕಬ್ಬಿಣ. ಬೂಟಿನ ಕೆಸರು ಅದರ ತೂತಿನಿಂದ ಕೆಳಗೆ ಬೀಳುತ್ತದೆ, ಜಾರುವುದಿಲ್ಲ. ಗೇರ್ ಬಾಕ್ಸಿನ ಪಕ್ಕಕ್ಕೆ ಹಳೇ ಕನ್ವೇಯರ್ ಬೆಲ್ಟಿನ ತುಂಡು, ಗುಜರಿಯಲ್ಲಿ ಸಿಗುತ್ತದೆ. ಹತ್ತಲು ಕೆಳಗೆ ಇನ್ನೊಂದು ಮೆಟ್ಟಿಲು, ಎಡಗಡೆ ಒಂದು ಹಿಡಿ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೇವೆ ಅಂತ ಯೋಚಿಸಿದರೆ ಈ ಮೆಟ್ಟಿಲಿನ ಬೆಲೆ ಗೊತ್ತಾಗುತ್ತದೆ, ಮಂಡಿ ನೋವು ಇರುವವರಿಗಂತೂ ಹೇಳಬೇಕಾಗಿಲ್ಲ.

ಕ್ಲಚ್ ಗಡಸಾಗಿದ್ದರೆ ಮೊದಲು ಪೆಡಲಿನ ಶಾಫ್ಟಿಗೆ ಗ್ರೀಸು, ಆಮೇಲೆ ಮುಂದಿನ ಮಾತು. ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರಕ್ಕೂ ಬೇರೆಬೇರೆ ಬ್ರೇಕ್ ಪೆಡಲು, ಬ್ರೇಕು ಎರಡೂ ಪೆಡಲಿಗೆ ಸಮನಾಗಿ ಹಿಡಿಯಬೇಕು. ರೋಡಿಗೆ ಬರುವಾಗ ಎರಡನ್ನೂ ಸೇರಿಸುವ ಚಿಲಕ ಹಾಕಲೇಬೇಕು. ಒಂದೇ ಕಡೆ ಹಿಡಿದರೆ ನಮ್ಮ ತಿರುವುಗಳಲ್ಲಿ ಏನಾಗುತ್ತದೆ ಅಂತ ಹೇಳುವುದು ಬೇಡ.

ಸದ್ದಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಕಿವಿ ನೋಯುವುದಿಲ್ಲ, ಮೆಲ್ಲಗೆ ಮಂದವಾಗುತ್ತದೆ. ಕ್ಯಾಬಿನ್ ಇಲ್ಲದ ಹಳೇ ಟ್ರ್ಯಾಕ್ಟರ್ ಲೋಡಿನಲ್ಲಿದ್ದಾಗ ಡ್ರೈವರ್ ಕಿವಿಯ ಹತ್ತಿರ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ದಿನಕ್ಕೆ 8 ಗಂಟೆ ಕೇಳಬಹುದಾದ ಮಿತಿ 85 ಅಂತ ಇಟ್ಟುಕೊಂಡರೆ, ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ರೋಟವೇಟರ್ ಹಾಕಿ ಒಂದು ಗದ್ದೆ ಮುಗಿಸುವಷ್ಟರಲ್ಲಿ ಇಡೀ ದಿನದ ಪಾಲು ಮುಗಿದಿರುತ್ತದೆ. ತುಕ್ಕು ಹಿಡಿದು ತೂತಾದ ಸೈಲೆನ್ಸರ್ ಬದಲಾಯಿಸಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದೆಯಾ ನೋಡಿ. ಬಾನೆಟ್, ಮಡ್‌ಗಾರ್ಡ್ ತಗಡು ಬಡಿಯುವ ಕಡೆ ಹಳೇ ಟ್ಯೂಬು ಕತ್ತರಿಸಿ ನಡುವೆ ಕೊಟ್ಟರೆ ಗಡಗಡ ಎಷ್ಟೋ ತಗ್ಗುತ್ತದೆ. ಇಷ್ಟಾದ ಮೇಲೂ ಕಿವಿಗೆ ಇಯರ್ ಮಫ್ ಬೇಕು. ಡ್ರೈವರ್ ಅಣ್ಣ ಮೊದಲು ಒಪ್ಪಲಿಲ್ಲ. "ಕಿವಿ ಮುಚ್ಚಿಕೊಂಡ್ರೆ ಆನೆ ಬಂದ್ರೆ ಹೇಗೆ ಗೊತ್ತಾಗೋದು?" ಅಂದರು. ಕೊಡಗಿನಲ್ಲಿ ಇದು ತಮಾಷೆಯ ಪ್ರಶ್ನೆ ಅಲ್ಲ. ಆದರೆ ಇಂಜಿನ್ ಓಡುತ್ತಿರುವಾಗ ಮಫ್ ಇಲ್ಲದೆಯೂ ಏನೂ ಕೇಳಿಸುವುದಿಲ್ಲ ಅಲ್ವಾ? ಈಗ ಆನೆ ಓಡಾಡುವ ಕಡೆ ಕೆಲಸ ಇದ್ದರೆ ಇನ್ನೊಬ್ಬರನ್ನು ದೂರದಲ್ಲಿ ನಿಲ್ಲಿಸುತ್ತೇವೆ, ಕೈ ಬೀಸಿದರೆ ಇಂಜಿನ್ ಬಂದ್.

ಕತ್ತು ನೋವಿಗೆ ಕನ್ನಡಿ. ಉಳುವಾಗಲೂ ಸ್ಪ್ರೇ ಮಾಡುವಾಗಲೂ ಅರ್ಧ ಹೊತ್ತು ಹಿಂದಕ್ಕೆ ತಿರುಗಿಯೇ ಇರುತ್ತೇವೆ, ಅದೂ ಕುಲುಕುತ್ತಾ. ಲಾರಿಯ ಉಬ್ಬು ಕನ್ನಡಿ ಎರಡು ತಂದು ಮಡಚುವ ಹಾಗೆ ಕೂರಿಸಿ, ಕಾಫಿ ಗಿಡದ ಸಾಲಿಗೆ ಹೋಗುವಾಗ ಒಳಗೆ ಮಡಚಿದರೆ ಆಯಿತು. ಪೂರ್ತಿ ತಿರುಗುವುದು ತಪ್ಪುವುದಿಲ್ಲ, ಕಡಿಮೆ ಆಗುತ್ತದೆ. ದೀಪಕ್ಕೆ ಎಲ್ಇಡಿ ಹಾಕಿಸಿದರೆ ಒಂದನ್ನು ಕೆಳಗೆ, ಬಂಪರಿನ ಹತ್ತಿರ ಹಾಕಿಸಿ. ಮೇಲೆ ಕಟ್ಟಿದ ದೀಪ ನಮ್ಮ ಮಂಜಿನಲ್ಲಿ ಕಣ್ಣಿಗೇ ಹೊಡೆಯುತ್ತದೆ, ರಸ್ತೆ ಕಾಣಿಸುವುದಿಲ್ಲ. ಬ್ಯಾಟರಿಯ ಅರ್ಥಿಂಗ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ ಹಾಕಿದರೆ ಎಷ್ಟೋ ಗಾಡಿ ಡಿಸೆಂಬರ್ ಬೆಳಿಗ್ಗೆಯೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಹತ್ತುತ್ತದೆ, ಇಳಿಜಾರು ಹುಡುಕಿ ನಿಲ್ಲಿಸುವ, ಉರುಳಿಸಿ ಸ್ಟಾರ್ಟ್ ಮಾಡುವ ನಮ್ಮೂರಿನ ಅಭ್ಯಾಸ ಬಿಡಬಹುದು.

ಮೇಲಿನ ಹೊದಿಕೆ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಫೈಬರ್ ಹುಡ್ ಬಿಸಿಲಿಗೆ, ಮಳೆಗೆ ಒಳ್ಳೆಯದೇ, ಬಯಲುಸೀಮೆಯಲ್ಲಿ ಹಾಕಿಸಲಿ. ನೆರಳು ಮರದ ಕೊಂಬೆ ಇಳಿಬಿದ್ದಿರುವ ಕಾಫಿ ತೋಟದಲ್ಲಿ ಅದು ಒಂದು ಕೊಯ್ಲು ಬಾಳಿದರೆ ಹೆಚ್ಚು. ಅದಕ್ಕಿಂತ ಮುಖ್ಯ, ಅದನ್ನು ನೋಡಿ ಟ್ರ್ಯಾಕ್ಟರ್ ಮಗುಚಿದರೆ ನಮ್ಮನ್ನು ಕಾಯುತ್ತದೆ ಅಂದುಕೊಳ್ಳಬೇಡಿ. ಕಾಯುವುದು ಪರೀಕ್ಷೆ ಮಾಡಿದ ರೋಲ್ ಬಾರ್ (ಕೂತವರ ತಲೆಗಿಂತ ಎತ್ತರಕ್ಕೆ ಕೂರಿಸುವ ಗಟ್ಟಿ ಕಬ್ಬಿಣದ ಕಮಾನು) ಮಾತ್ರ, ಅದೂ ಸೀಟ್ ಬೆಲ್ಟ್ ಜೊತೆಗೆ. ಸ್ವೀಡನ್ನಿನಲ್ಲಿ 1959ರಿಂದಲೇ ಹೊಸ ಟ್ರ್ಯಾಕ್ಟರಿಗೆ ಇಂಥ ರಕ್ಷಣಾ ಚೌಕಟ್ಟು ಕಡ್ಡಾಯ, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಆಮೇಲೆ ತೀರಾ ಇಳಿಯಿತು. ನಮ್ಮ ಮಾಡೆಲ್ಲಿಗೆ ಮಡಚುವ ರೋಲ್ ಬಾರ್ ಸಿಗುತ್ತದಾ ಅಂತ ಡೀಲರ್ ಹತ್ತಿರ ವಿಚಾರಿಸುತ್ತಿದ್ದೇನೆ, ಮರದ ಕೆಳಗೆ ಹೋಗುವಾಗ ಇಳಿಸಬಹುದು ಅಂತ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಮಾಡಿಸುವ ಯೋಚನೆ ನನಗಿಲ್ಲ. ಆಕ್ಸಲ್‌ಗೆ ಎಲ್ಲಿ ಎಷ್ಟು ಬಲ ಬೀಳುತ್ತದೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮತ್ತೆ ರೋಲ್ ಬಾರ್ ಇಲ್ಲದ ಗಾಡಿಗೆ ಬರೀ ಬೆಲ್ಟ್ ಹಾಕಿಕೊಳ್ಳುವುದು ಇನ್ನೂ ಅಪಾಯ.

ಇಷ್ಟೆಲ್ಲಾ ಆದ ಮೇಲೆ ಪವರ್ ಸ್ಟೇರಿಂಗ್. ಇಂಜಿನ್ನಿನಿಂದ ಓಡುವ ಒಂದು ಪಂಪು, ಸ್ಟೇರಿಂಗ್ ಕೆಳಗೆ ವಾಲ್ವ್ ಯೂನಿಟ್, ಮುಂದಿನ ಆಕ್ಸಲ್ ಹತ್ತಿರ ಸಿಲಿಂಡರ್. ಕಿಂಗ್ ಪಿನ್, ಟೈ ರಾಡ್ ಎಲ್ಲಾ ಸರಿ ಮಾಡಿಸಿದ ಮೇಲೇ ಹಾಕಿಸಬೇಕು, ಇಲ್ಲದಿದ್ದರೆ ಸವೆದ ಭಾಗವನ್ನು ಪಂಪಿನ ಬಲದಿಂದ ಇನ್ನೂ ಸವೆಸಿದ ಹಾಗೆ. ಇದನ್ನು ಹಾಕಿಸಿದವರು ಒಂದು ಅಭ್ಯಾಸ ಪೂರ್ತಿ ಬಿಡಬೇಕು, ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುವುದು. ಇಂಜಿನ್ ನಿಂತರೆ ಪಂಪು ನಿಲ್ಲುತ್ತದೆ, ಸ್ಟೇರಿಂಗ್ ತಿರುಗಿದರೂ ವಿಪರೀತ ಭಾರ. ಪವರ್ ಇರಲಿ ಇಲ್ಲದಿರಲಿ, ತುಂಬಿದ ಟ್ರೇಲರ್ ಹಿಂದೆ ಇರುವಾಗ ಹಾಗೆ ಬಿಡುವುದು ಹುಚ್ಚುತನವೇ.

ನಮ್ಮದಕ್ಕೆ ಪಂಪು, ವಾಲ್ವ್, ಸಿಲಿಂಡರ್ ಸೆಟ್ ಬಂದು ಶೆಡ್ಡಿನಲ್ಲಿ ಕೂತಿದೆ. ಪಂಪು ಕೂರಿಸುವ ಬ್ರಾಕೆಟ್ ಮಾತ್ರ ನಮ್ಮ ಇಂಜಿನ್ನಿಗೆ ಹೊಂದಲಿಲ್ಲ, ಹೊಸದು ಮಾಡಲು ಲೇಥಿನವರಿಗೆ ಕೊಟ್ಟಿದ್ದೇನೆ. ಕೇಳಿದಾಗಲೆಲ್ಲಾ "ಬರೋ ವಾರ ಬನ್ನಿ ಅಣ್ಣ" ಅನ್ನುತ್ತಾರೆ. ಗದ್ದೆ ಕೆಲಸ ಶುರುವಾಗುವ ಮುಂಚೆ ಕೈಗೆ ಸಿಕ್ಕಿದರೆ, ಹಾಕಿಸಿದ ಮೇಲೆ ಹೇಗಿದೆ ಅಂತ ಬರೆಯುತ್ತೇನೆ.